ಇಂಗ್ಲಿಷಿನಲ್ಲಿ ಏರಿಕೆ, ಬೆಳವಣಿಗೆ: ಯಾವ ಪದದ ಜೊತೆ ಯಾವುದು ಹೊಂದುತ್ತದೆ?

ನೇರಳೆಮರ: ಇಂಗ್ಲಿಷ್ ಸಾಮರ್ಥ್ಯ ಅಳೆಯುವ ಪರೀಕ್ಷೆ ಐಇಎಲ್‌ಟಿಎಸ್ ಅಕಾಡೆಮಿಕ್ ರೈಟಿಂಗ್‌ನ ಮೊದಲ ಟಾಸ್ಕ್‌ಗೆ (ಗ್ರಾಫ್ ಥರದ್ದನ್ನು ನೋಡಿ ವಿವರಿಸುವುದು; 20 ನಿಮಿಷ, ಕನಿಷ್ಠ 150 ಪದ) ತಯಾರಿ ನಡೆದಿದೆ. ಗ್ರಾಫ್ ಅರ್ಥವಾಗುತ್ತದೆ, ವ್ಯಾಕರಣವೂ ಪರವಾಗಿಲ್ಲ. ಆದರೆ 'ಬಿಗ್ ಗ್ರೋತ್', 'ಪ್ರೈಸ್ ಬಿಕೇಮ್ ಮೋರ್' ಥರದವಕ್ಕೆಲ್ಲ ಕೆಂಪು ಗೆರೆ ಬೀಳುತ್ತಿದೆ. ಯಾವ ವಿಶೇಷಣ, ಯಾವ ಪ್ರಿಪೊಸಿಷನ್ ('ಬೈ', 'ಟು', 'ಇನ್' ಥರದ ಪದ) ಹಾಕಬೇಕು, ಗೊತ್ತಿದ್ದವರು ಹೇಳ್ತೀರಾ?

ಒತ್ತಕ್ಷರ: ಮೊದಲು ಪ್ರಿಪೊಸಿಷನ್ ಸರಿಮಾಡಿಕೊಳ್ಳಿ. ವಿಶೇಷಣ ತಪ್ಪಿದರೆ ವಾಕ್ಯ ಸಪ್ಪೆಯಾಗುತ್ತದೆ ಅಷ್ಟೇ, ಪ್ರಿಪೊಸಿಷನ್ ತಪ್ಪಿದರೆ ಅಂಕಿಯೇ ಸುಳ್ಳಾಗುತ್ತದೆ. ಕರ್ನಾಟಕದ ಜನಸಂಖ್ಯೆ ತಗೊಳ್ಳಿ: 2001ರಲ್ಲಿ 5.285 ಕೋಟಿ, 2011ರಲ್ಲಿ 6.11 ಕೋಟಿ. ಎಷ್ಟು ಏರಿತು ಎನ್ನಲು 'ಗ್ರೂ ಬೈ 15.6 ಪರ್ಸೆಂಟ್', ಎಲ್ಲಿಗೆ ಮುಟ್ಟಿತು ಎನ್ನಲು 'ಗ್ರೂ ಟು 61.1 ಮಿಲಿಯನ್'. ಕ್ರಿಯಾಪದ ಬಿಟ್ಟು ನಾಮಪದ ಬಳಸಿದರೆ ಅಂಕಿಯ ಮುಂದೆ 'ಆಫ್' ಹಾಕಿ: 'ಆ್ಯನ್ ಇನ್‌ಕ್ರೀಸ್ ಆಫ್ 15.6 ಪರ್ಸೆಂಟ್'. ಯಾವುದರ ಏರಿಕೆ ಎಂಬುದಕ್ಕೆ 'ಇನ್': 'ಆ್ಯನ್ ಇನ್‌ಕ್ರೀಸ್ ಇನ್ ಪಾಪ್ಯುಲೇಷನ್'.

ನಮ್ಮವರು 'ವರೆಗೆ' ಎಂದು ಯೋಚಿಸಿ 'ಇನ್‌ಕ್ರೀಸ್ಡ್ ಅಪ್‌ಟು 61 ಮಿಲಿಯನ್' ಎಂದು ಬರೆಯುವುದುಂಟು. ಬರೀ 'ಟು' ಸಾಕು. 'ಅಪ್‌ಟು' ಹಾಕಿದರೆ 'ಹೆಚ್ಚೆಂದರೆ ಅಷ್ಟು' ಎಂಬ ಅರ್ಥ ನುಸುಳುತ್ತದೆ.

ಇನ್ನು ವಿಶೇಷಣ. 'ಗ್ರೋತ್' ಜೊತೆ ರ್‍ಯಾಪಿಡ್, ಸ್ಟೆಡಿ, ಸ್ಟ್ರಾಂಗ್, ಸ್ಲೋ, ಸ್ಲಗಿಶ್. 'ಶಾರ್ಪ್', 'ಸ್ಲೈಟ್' ಹೆಚ್ಚಾಗಿ 'ಇನ್‌ಕ್ರೀಸ್', 'ರೈಸ್' ಪಕ್ಕ ಬರುತ್ತವೆ. 'ಬಿಗ್ ಇನ್‌ಕ್ರೀಸ್' ನಡೆಯುತ್ತದೆ, 'ಬಿಗ್ ಗ್ರೋತ್' ಕಿವಿಗೆ ಒಗ್ಗುವುದಿಲ್ಲ. ಬೆಳವಣಿಗೆಗೆ ಇಂಬು ಕೊಡುವುದು 'ಬೂಸ್ಟ್ ಗ್ರೋತ್', ಅಡ್ಡಿಪಡಿಸುವುದು 'ಹ್ಯಾಂಪರ್ ಗ್ರೋತ್'. ಅಪೌಷ್ಟಿಕತೆಯಿಂದ ಮಕ್ಕಳು ಕುಂಠಿತರಾಗುವುದಕ್ಕೆ 'ಸ್ಟಂಟೆಡ್ ಗ್ರೋತ್'.

ಗದ್ದೆಬದು: ಬೆಲೆಗೆ 'ಗ್ರೋ' ಬೇಡ. 'ಪ್ರೈಸಸ್ ರೋಸ್' ಅಥವಾ 'ವೆಂಟ್ ಅಪ್' ಅನ್ನಿ. 'ರೈಸ್', 'ರೇಯ್ಸ್' ಗೊಂದಲಕ್ಕೆ ಕನ್ನಡದಲ್ಲೇ ಮದ್ದಿದೆ: ತಾನಾಗಿ ಏರಿದರೆ 'ರೈಸ್', ಯಾರೋ ಏರಿಸಿದರೆ 'ರೇಯ್ಸ್'. ಬಾಡಿಗೆ 'ರೋಸ್', ಆದರೆ ಮನೆ ಮಾಲೀಕರು ಅದನ್ನು 'ರೇಯ್ಸ್ಡ್'.

ಆದರೆ 'ಬೆಳೆಸು' ನಂಬಿದರೆ ಕೆಟ್ಟಿರಿ. ರಾಗಿಗೆ 'ಗ್ರೋ', ಮಕ್ಕಳಿಗೆ 'ರೇಯ್ಸ್' ಇಲ್ಲವೇ 'ಬ್ರಿಂಗ್ ಅಪ್', ರೇಷ್ಮೆಹುಳುವಿಗೆ 'ರಿಯರ್'. 'ಗ್ರೋ ಚಿಲ್ಡ್ರನ್' ಅಂದರೆ ಮಡಿಯಲ್ಲಿ ನೆಟ್ಟ ಹಾಗಾಗುತ್ತದೆ! ಜ್ಞಾನ ಹೆಚ್ಚಿಸಿಕೊಳ್ಳುವುದಕ್ಕೂ 'ಗ್ರೋ ನಾಲೆಡ್ಜ್' ಬದಲು 'ಬ್ರಾಡನ್' ಅಥವಾ 'ಡೀಪನ್' ಹಾಕಿ.

ನೇರಳೆಮರ: ಇನ್ನೊಂದು. ಕರ್ನಾಟಕದ ಸಾಕ್ಷರತೆ 2001ರಲ್ಲಿ ಶೇ. 66.64, 2011ರಲ್ಲಿ ಶೇ. 75.36. 'ರೋಸ್ ಸ್ಟೆಡಿಲಿ ಬೈ 8.72 ಪರ್ಸೆಂಟ್' ಸರಿಯೇ?

ಒತ್ತಕ್ಷರ: ಎರಡು ಕಡೆ ಎಡವಿದ್ದೀರಿ. ಶೇಕಡಾ ಪ್ರಮಾಣಗಳನ್ನೇ ಕಳೆದಾಗ ಉಳಿಯುವುದು 'ಪರ್ಸೆಂಟೇಜ್ ಪಾಯಿಂಟ್ಸ್'. ಹಾಗಾಗಿ 'ಬೈ 8.72 ಪರ್ಸೆಂಟೇಜ್ ಪಾಯಿಂಟ್ಸ್' ಎನ್ನಬೇಕು. ಪರ್ಸೆಂಟ್‌ನಲ್ಲೇ ಹೇಳಬೇಕಿದ್ದರೆ 8.72ನ್ನು 66.64ರಿಂದ ಭಾಗಿಸಿ 100ರಿಂದ ಗುಣಿಸಿ, ಸುಮಾರು 13 ಬರುತ್ತದೆ.

'ಸ್ಟೆಡಿಲಿ'ಯನ್ನೂ ತೆಗೆಯಿರಿ. ಇರುವುದು ಎರಡೇ ವರ್ಷದ ಅಂಕಿ, ನಡುವೆ ಒಂದೇ ಸಮನೆ ಏರಿತೋ ಇಲ್ಲವೋ ಅದು ಹೇಳುವುದಿಲ್ಲ. 'ರೋಸ್ ಫ್ರಂ... ಟು...' ಎಂದಷ್ಟೇ ಬರೆಯಿರಿ. ಪದಸಂಪತ್ತಿಗೆ ಕಾಲುಭಾಗ ಅಂಕ ಇದೆಯೆಂದು ಸಣ್ಣ ಏರಿಕೆಗೂ 'ಸೋರ್ಡ್', 'ಸ್ಕೈರಾಕೆಟೆಡ್' (ಗಗನಕ್ಕೇರಿತು) ತುರುಕಬೇಡಿ. ಗ್ರಾಫ್‌ನಲ್ಲಿ ಇಲ್ಲದ್ದನ್ನು ಹೇಳಿದಂತಾಗಿ, ಕೇಳಿದ್ದನ್ನು ಸರಿಯಾಗಿ ಬರೆದಿದ್ದೀರಾ ಎಂದು ನೋಡುವ ಟಾಸ್ಕ್ ಅಚೀವ್‌ಮೆಂಟ್‌ನಲ್ಲಿ ಅಂಕ ಹೋಗುತ್ತದೆ.