ಹವ್ಯಾಸಕ್ಕೆ ಬ್ಯಾಂಡ್ ಕಟ್ಟಿದವರೇ, ನಿಮ್ಮ ಅನುಭವ ಹೇಳಿ

ಗಿಟಾರ್, ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿನ ಐದು ಜನ ಸೇರಿ ಒಂದು ಬ್ಯಾಂಡ್ ಕಟ್ಟಿದ್ದೇವೆ. ಗಿಟಾರ್, ಬೇಸ್, ಕೀಬೋರ್ಡ್, ಡ್ರಮ್ಸ್, ಜೊತೆಗೆ ಒಬ್ಬರು ಹಾಡುಗಾರ್ತಿ. ಎಲ್ಲರಿಗೂ ಕೆಲಸ, ಮನೆ, ಮಕ್ಕಳು ಅಂತ ಇದ್ದೇ ಇದೆ. ನವೆಂಬರಿನಲ್ಲಿ ನಮ್ಮಲ್ಲೇ ನಡೆಯುವ ರಾಜ್ಯೋತ್ಸವದ ಸಂಜೆ ಒಂದು ಗಂಟೆ ನುಡಿಸಲು ಒಪ್ಪಿಕೊಂಡಿದ್ದೇವೆ.

ಉತ್ಸಾಹಕ್ಕೇನೂ ಕಡಿಮೆ ಇಲ್ಲ. ಆದರೆ ಡ್ರಮ್ಸ್‌ನವರಿಗೆ ಶಿಫ್ಟ್ ಕೆಲಸ, ಅಭ್ಯಾಸಕ್ಕೆ ಒಬ್ಬರು ಬಂದರೆ ಇನ್ನೊಬ್ಬರು ಇರುವುದಿಲ್ಲ. ಎಲ್ಲರೂ ಸೇರಿದ ದಿನ ಸದ್ದು ಏರುತ್ತಾ ಹೋಗಿ ಹಾಡೇ ಕೇಳಿಸುವುದಿಲ್ಲ. ಯಾವ ಹಾಡು ಆರಿಸಬೇಕು ಅನ್ನುವುದಕ್ಕೆ ವಾಟ್ಸಾಪ್‌ನಲ್ಲಿ ದಿನವೂ ಚರ್ಚೆ. ಇದರ ಮಧ್ಯೆ ಸಿನಿಮಾ ಹಾಡು ನುಡಿಸಲು ಲೈಸೆನ್ಸ್ ಬೇಕು ಅಂತ ಯಾರೋ ಹೆದರಿಸಿದ್ದಾರೆ. ಈ ದಾರಿಯಲ್ಲಿ ನಡೆದವರು ಹೇಗೆ ನಿಭಾಯಿಸಿದ್ದೀರಿ, ದಯವಿಟ್ಟು ಹೇಳಿ.

ಕೀಬೋರ್ಡ್, ಶಿವಮೊಗ್ಗ:

ಸರ್, ಮೊದಲು ಸದ್ದಿನ ವಿಷಯ. ಅದು ಸರಿಹೋದರೆ ಉಳಿದ ಜಗಳ ಅರ್ಧಕ್ಕರ್ಧ ತಾನಾಗಿಯೇ ತಣ್ಣಗಾಗುತ್ತದೆ. ನಾನು ಕಾಲೇಜು ದಿನಗಳಿಂದ ಗಣಪತಿ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾಗೆ ಕೀಬೋರ್ಡ್ ನುಡಿಸುತ್ತಾ ಬಂದವನು. ಈಗ ಕೆಲಸದ ಜೊತೆಗೆ ಗೆಳೆಯರದೇ ಒಂದು ತಂಡ ಇದೆ.

ಸದ್ದು ಏರುವುದು ಯಾರದೋ ಹಟದಿಂದ ಅಲ್ಲ. ಗಿಟಾರ್ ಆಂಪ್ಲಿಫೈಯರ್ ನೆಲದ ಮೇಲೆ ಕೂತಿರುತ್ತದೆ. ಅದರ ಸದ್ದು ನುಡಿಸುವವರ ಮೊಣಕಾಲಿಗೆ ಹೋಗುತ್ತದೆ, ಕಿವಿಗಲ್ಲ. ತಮಗೆ ಕೇಳಿಸುತ್ತಿಲ್ಲ ಅಂತ ಅವರು ಸ್ವಲ್ಪ ಏರಿಸುತ್ತಾರೆ. ಎದುರಿಗೆ ಕೂತವರಿಗೆ ಅಷ್ಟು ಹೊತ್ತಿಗಾಗಲೇ ಕಿವಿ ಕಿತ್ತುಹೋಗಿರುತ್ತದೆ. ಅದಕ್ಕೆ ಡ್ರಮ್ಮರ್ ಜೋರಾಗಿ ಹೊಡೆಯುತ್ತಾರೆ, ಬೇಸ್ ಏರುತ್ತದೆ, ಕೊನೆಗೆ ಹಾಡುವವರು ಕಿರುಚಬೇಕಾಗುತ್ತದೆ. ಆಂಪ್ಲಿಫೈಯರನ್ನು ಒಂದು ಕುರ್ಚಿ ಮೇಲೆ ಇಟ್ಟು ಸ್ವಲ್ಪ ಮೇಲ್ಮುಖ ಮಾಡಿ. ಅವರೇ ಇಳಿಸಿಕೊಳ್ಳುತ್ತಾರೆ, ಯಾರೂ ಹೇಳಬೇಕಾಗಿಲ್ಲ.

ಅಭ್ಯಾಸ ಶುರುಮಾಡುವಾಗ ಹಾಡುಗಾರ್ತಿಯ ಮೈಕ್ ಮೊದಲು ಹೊಂದಿಸಿ. ಸ್ಪೀಕರಿನಿಂದ ಕೀಂ ಅನ್ನುವ ಕೂಗು ಬರದಂತೆ ಎಷ್ಟು ಏರಿಸಬಹುದೋ ಅಷ್ಟು ಏರಿಸಿ, ಅಲ್ಲಿಗೇ ಬಿಡಿ. ಉಳಿದವರೆಲ್ಲ ಅದರ ಕೆಳಗೆ ಇರಬೇಕು. ಡ್ರಮ್ಸ್‌ಗೆ ಸದ್ದು ಇಳಿಸುವ ಗುಂಡಿ ಇಲ್ಲವಲ್ಲ, ಅದಕ್ಕೆ ಸಣ್ಣ ಕೋಣೆಯಲ್ಲಿ ಕೋಲಿನ ಬದಲು ಬ್ರಶ್ ಅಥವಾ ಕಡ್ಡಿ ಕಟ್ಟಿನಂತಿರುವ ರಾಡ್ಸ್ ಬಳಸಲಿ. ಇಲ್ಲವೇ ಮೇಲೆ ಕೂತು ಕೈಯಲ್ಲಿ ಬಾರಿಸುವ ಮರದ ಪೆಟ್ಟಿಗೆ, ಕಹೋನ್ ಸಾಕು. ನಮ್ಮ ಕಡೆ ಬಹಳ ತಂಡಗಳು ಎಲೆಕ್ಟ್ರಾನಿಕ್ ರಿದಮ್ ಪ್ಯಾಡ್ ಇಟ್ಟುಕೊಂಡಿರುವುದಕ್ಕೆ ಇದೂ ಒಂದು ಕಾರಣ. ಅದರ ಸದ್ದನ್ನು ಕೈಯಲ್ಲಿ ಇಳಿಸಬಹುದು. ತಬಲಾ, ಢೋಲಕ್, ತಮಟೆ ಎಲ್ಲ ಒಂದೇ ಸ್ಟ್ಯಾಂಡಿನಲ್ಲಿ ಸಿಗುತ್ತವೆ.

ನಿಮ್ಮ ಕೀಬೋರ್ಡ್‌ನವರಿಗೆ ಒಂದು ಮಾತು. ಒಬ್ಬರೇ ಮನೆಯಲ್ಲಿ ನುಡಿಸಿ ಕಲಿತವರಿಗೆ ಎಡಗೈ ತುಂಬಾ ಓಡುತ್ತದೆ. ಆ ಮಂದ್ರದ ಜಾಗ ಬೇಸ್ ಗಿಟಾರಿನದು. ಇಬ್ಬರೂ ಅಲ್ಲೇ ಇದ್ದರೆ ಕೇಳುವವರಿಗೆ ಬರೀ ಗುಂಯ್ ಅನ್ನುವ ಸದ್ದು. ಬೇಸ್ ಇರುವ ಬ್ಯಾಂಡಿನಲ್ಲಿ ಎಡಗೈ ಬಹುಪಾಲು ಸುಮ್ಮನಿರಬೇಕು. ಇದನ್ನು ಒಪ್ಪಿಕೊಳ್ಳುವುದು ಕಷ್ಟ, ಆದರೆ ಒಂದು ಹಾಡಿನಲ್ಲಿ ಮಾಡಿ ನೋಡಿ, ಬೇಸ್ ಇದ್ದಕ್ಕಿದ್ದಂತೆ ಸ್ಪಷ್ಟವಾಗಿ ಕೇಳಿಸುತ್ತದೆ.

ಮತ್ತೆ ಕೀಬೋರ್ಡಿನ ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಗುಂಡಿ. ಹಿಂದಿನ ಹಾಡಿಗೆ ಎರಡು ಏರಿಸಿದ್ದನ್ನು ಸೊನ್ನೆಗೆ ತರದೆ ಮುಂದಿನದನ್ನು ಶುರುಮಾಡಿದರೆ ಗಿಟಾರ್ ಒಂದು ಕಡೆ, ಕೀಬೋರ್ಡ್ ಒಂದು ಕಡೆ. ಹಾಡುಗಾರ್ತಿ ಯಾರನ್ನು ಹಿಡಿಯಬೇಕು? ಪ್ರತಿ ಹಾಡಿನ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಸ್ಕೇಲ್ (ಹಾಡಿನ ಶ್ರುತಿ), ಯಾರು ಶುರುಮಾಡುತ್ತಾರೆ, ಪಲ್ಲವಿಯಾದ ಮೇಲೆ ಯಾರ ಬಿಟ್ (ಮಧ್ಯದ ವಾದ್ಯದ ತುಣುಕು), ಎರಡನೇ ಚರಣದ ನಂತರ ಮುಗಿಸುವುದು ಹೇಗೆ, ಇಷ್ಟು ಬರೆದಿಡಿ. ಹವ್ಯಾಸಿ ತಂಡಗಳು ಹಾಡಿನ ಮಧ್ಯದಲ್ಲಿ ಎಡವುವುದಕ್ಕಿಂತ ಜಾಸ್ತಿ ಎಡವುವುದು ಶುರುವಿನಲ್ಲಿ ಮತ್ತು ಮುಗಿಸುವಾಗ.

ಡ್ರಮ್ಸ್, ಮೈಸೂರು:

ನಾನೂ ಶಿಫ್ಟ್‌ನಲ್ಲಿ ದುಡಿಯುವವನೇ, ನಿಮ್ಮ ಡ್ರಮ್ಮರ್ ಪರವಾಗಿ ಎರಡು ಮಾತು. "ಈ ವಾರ ಯಾವಾಗ ಸೇರೋಣ" ಅಂತ ಕೇಳಿದರೆ ಯಾವತ್ತೂ ಸೇರಲು ಆಗುವುದಿಲ್ಲ. ಅವರ ಶಿಫ್ಟ್ ಪಟ್ಟಿ ಬಂದ ದಿನವೇ ತಿಂಗಳಿಗೆ ಸಾಕಾಗುವಷ್ಟು ದಿನ ಗುರುತು ಹಾಕಿಬಿಡಿ. ಬಾರದವರಿಗಾಗಿ ಅಭ್ಯಾಸ ನಿಲ್ಲಿಸಬೇಡಿ. ಡ್ರಮ್ಸ್ ಇಲ್ಲದ ದಿನ ಹಾಡು, ಗಿಟಾರ್, ಕೀಬೋರ್ಡ್ ಯಾರದಾದರೂ ಮನೆಯಲ್ಲಿ ಮೈಕಿಲ್ಲದೆ ಕೂತು ಸ್ಕೇಲ್ ಮತ್ತು ಬಿಟ್‌ಗಳನ್ನು ಗಟ್ಟಿ ಮಾಡಿಕೊಳ್ಳಿ. ಫೋನಿನಲ್ಲಿ ತಾಳದ ವೇಗ ಎಣಿಸುವ ಮೆಟ್ರೊನೋಮ್ ಹಾಕಿಕೊಳ್ಳಿ. ಆ ವೇಗವನ್ನೂ ಹಾಳೆಯಲ್ಲಿ ಬರೆದು ನಮಗೆ ಕಳಿಸಿ. ನಾವು ಮನೆಯಲ್ಲಿ ಪ್ರ್ಯಾಕ್ಟೀಸ್ ಪ್ಯಾಡ್ ಮೇಲೆ ಅದನ್ನೇ ಹೊಡೆದುಕೊಂಡು ಬರುತ್ತೇವೆ.

ಬ್ಯಾಂಡುಗಳು ಅಭ್ಯಾಸ ಮಾಡುವ ಜ್ಯಾಮ್ ರೂಮಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ. ಅಲ್ಲಿ ಕೂತು ಗಿಟಾರಿನ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳು) ಹುಡುಕುವುದು, ಯೂಟ್ಯೂಬ್ ಹಾಕಿ ಹಾಡು ಕೇಳುವುದು ಮಾಡಬೇಡಿ. ಕಲಿಯುವುದು ಮನೆಯಲ್ಲಿ, ಕೂಡಿಸುವುದು ಅಲ್ಲಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳಲೇಬೇಕು. ಕಿವಿ ಕಾಪಾಡಿಕೊಳ್ಳಿ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು ಅನ್ನುವುದು ಕೆಲಸದ ಜಾಗಗಳಿಗೆ ಅಮೆರಿಕದ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧ ಆಗುತ್ತದೆ. 100 ಡೆಸಿಬೆಲ್ಲಿಗೆ ಬಂದರೆ ಬರೀ 15 ನಿಮಿಷ. ಮುಚ್ಚಿದ ಕೋಣೆಯಲ್ಲಿ ಡ್ರಮ್ಸ್ ಪಕ್ಕ ಕೂತರೆ ಆ ಮಟ್ಟ ಸುಲಭವಾಗಿ ಮುಟ್ಟುತ್ತದೆ. ಮನೆಗೆ ಬಂದು ಮಲಗಿದಾಗ ಕಿವಿಯಲ್ಲಿ ಗುಯ್ಯಿ ಅನ್ನುತ್ತಿದ್ದರೆ ಅದು ಎಚ್ಚರಿಕೆ. ಸಂಗೀತದವರಿಗೆ ಅಂತಲೇ ಇಯರ್‌ಪ್ಲಗ್ ಸಿಗುತ್ತವೆ. ಎಲ್ಲ ಸ್ವರವೂ ಕೇಳುತ್ತದೆ, ಜೋರು ಮಾತ್ರ ಕಡಿಮೆ. ಬ್ಯಾಂಡಿನ ದುಡ್ಡಿನಲ್ಲಿ ಮೊದಲು ಕೊಳ್ಳಬೇಕಾದ ವಸ್ತು ಇದೇ ಅಂತ ನನ್ನ ಖಚಿತ ಅಭಿಪ್ರಾಯ.

ಹಾಡುಗಾರ್ತಿ, ಧಾರವಾಡ:

ಹಾಡಿನ ಆಯ್ಕೆ ಬಗ್ಗೆ ನಾನು ಹೇಳುತ್ತೇನೆ. ಹುಡುಗರು ಕೂತು ಪಟ್ಟಿ ಮಾಡುತ್ತಾರೆ, ಆಮೇಲೆ "ಮೇಡಂ, ಇದನ್ನು ಹಾಡಿಬಿಡಿ" ಅನ್ನುತ್ತಾರೆ. ಗಂಡಸರ ಸ್ಕೇಲಿನ ಹಾಡು ನನ್ನ ಗಂಟಲಿಗೆ ಒಂದೋ ಪಾತಾಳ, ಇಲ್ಲ ಆಕಾಶ. ಸ್ಕೇಲ್ ಬದಲಿಸಿ ಅಂದರೆ ಗಿಟಾರ್‌ನವರ ಮುಖ ಸಪ್ಪೆ ಆಗುತ್ತದೆ. ನೋಡ್ರಿ, ಗಿಟಾರಿನ ಕೊರಳಿಗೆ ಹಾಕಿ ಶ್ರುತಿ ಏರಿಸುವ ಕ್ಲಿಪ್, ಕ್ಯಾಪೋ ಇರುವುದೇ ಇದಕ್ಕೆ. ಡಿ ಶಾರ್ಪ್ ಬೇಕು ಅಂದರೆ ಮೊದಲ ಫ್ರೆಟ್ಟಿಗೆ (ಗಿಟಾರಿನ ಮೊದಲ ಮನೆಗೆ) ಕ್ಯಾಪೋ ಹಾಕಿ ಡಿ ಸ್ಕೇಲಿನ ಕಾರ್ಡುಗಳನ್ನೇ ಹಿಡಿದರಾಯಿತು. ಹಾಡುವವರ ಗಂಟಲಿಗೆ ಕ್ಯಾಪೋ ಇಲ್ಲ. ಹಾಡು ಯಾವುದು ಅಂತ ಬೇಕಾದರೆ ಎಲ್ಲರೂ ಸೇರಿ ಆರಿಸಿ, ಸ್ಕೇಲ್ ಮಾತ್ರ ಹಾಡುವವರದೇ ತೀರ್ಮಾನ ಅಂತ ಮೊದಲೇ ಒಪ್ಪಿಕೊಳ್ಳಿ.

ರಾಜ್ಯೋತ್ಸವಕ್ಕೆ ಬರುವವರಲ್ಲಿ ಅಜ್ಜಿಯರೂ ಇರುತ್ತಾರೆ, ಯುಕೆಜಿ ಮಕ್ಕಳೂ ಇರುತ್ತಾರೆ. ಎಲ್ಲರಿಗೂ ಬಾಯಿಗೆ ಬರುವ ನಾಡಗೀತೆ, ಒಂದೆರಡು ಭಾವಗೀತೆ, ಒಂದು ಶರೀಫರ ತತ್ವಪದ, ಉಳಿದಿದ್ದು ಸಿನಿಮಾ ಹಾಡು, ಹೀಗೆ ಹೆಣೆದರೆ ಯಾರಿಗೂ ಬೇಸರ ಇಲ್ಲ. ನಿಮ್ಮ ರಾಕ್ ಪ್ರೀತಿಯನ್ನು ತತ್ವಪದಕ್ಕೆ ಹಾಕಿ. ಆ ಪದಗಳ ನಡೆಗೆ ಗಿಟಾರ್, ಡ್ರಮ್ಸ್ ಬಹಳ ಚೆನ್ನಾಗಿ ಕೂರುತ್ತವೆ. ಮೊದಲನೇ ಹಾಡು ನಿಮಗೆ ನಿದ್ದೆಗಣ್ಣಲ್ಲೂ ಬರುವಂಥದ್ದಾಗಿರಲಿ, ಕಷ್ಟದ್ದು ಬೇಡ. ಅಷ್ಟು ಹೊತ್ತಿಗೆ ಕೈ ಬೆವರುತ್ತಿರುತ್ತದೆ.

ಚೀಟಿಗಳು ಬರುತ್ತವೆ, ಸಿದ್ಧರಾಗಿರಿ. ಚಿಕ್ಕ ಹುಡುಗನ ಕೈಯಲ್ಲಿ ಮಡಚಿದ ಚೀಟಿ ಕೊಟ್ಟು ಕಳಿಸುತ್ತಾರೆ, ಇಂಥ ಹಾಡು ಹಾಡಿ ಅಂತ. ಬಾರದ ಹಾಡಿಗೆ ಕೈ ಹಾಕಬೇಡಿ. ಆದರೆ ಚೀಟಿ ಓದಿ, ಕೇಳಿದವರ ಹೆಸರು ಹೇಳಿ, ಆ ಹಾಡಿನ ಪಲ್ಲವಿಯ ಒಂದು ಸಾಲನ್ನು ಸುಮ್ನೆ ಗುನುಗಿದರೂ ಅವರಿಗೆ ಖುಷಿ.

ಒಂದು ಒಳ್ಳೆಯ ಸಂಜೆಯ ಬಗ್ಗೆಯೂ ಹೇಳಬೇಕು. ನಮ್ಮ ಊರಿನ ಒಂದು ಬಡಾವಣೆಯಲ್ಲಿ ಹಾಡುತ್ತಿದ್ದಾಗ ಚರಣದ ಮಧ್ಯೆ ಕರೆಂಟ್ ಹೋಯಿತು. ಕೀಬೋರ್ಡ್ ಸತ್ತಿತು, ಮೈಕ್ ಸತ್ತಿತು. ತಬಲಾದವರು ಮಾತ್ರ ಕೈ ನಿಲ್ಲಿಸಲಿಲ್ಲ. ನಾನು ವೇದಿಕೆಯ ಅಂಚಿಗೆ ಬಂದು ಹಾಡಿದೆ. ಮುಂದಿನ ಸಾಲಿನವರು ತಾಳ ಹಾಕಿದರು, ಹಿಂದಿನವರಿಗೆ ಕೇಳಲಿ ಅಂತ ಅವರೇ ದನಿ ಸೇರಿಸಿದರು. ಮೊಬೈಲ್ ಟಾರ್ಚ್‌ಗಳ ಬೆಳಕಿನಲ್ಲಿ ಹಾಡು ಮುಗಿಯಿತು. ಇಂಥದ್ದು ಯಾವ ಸಂಭಾವನೆಗೂ ಸಿಗುವುದಿಲ್ಲ. ಆ ಹೊತ್ತಿನಲ್ಲಿ ನಮ್ಮ ಸೌಂಡ್‌ನ ಹುಡುಗ ಮಿಕ್ಸರಿನ (ಎಲ್ಲ ಮೈಕುಗಳ ಸದ್ದು ಹೊಂದಿಸುವ ಪೆಟ್ಟಿಗೆ) ಮಾಸ್ಟರ್, ಅಂದರೆ ಒಟ್ಟು ಸದ್ದಿನ ಗುಂಡಿ, ಪೂರ್ತಿ ಇಳಿಸಿಟ್ಟಿದ್ದ. ಹಾಗೆ ಮಾಡದಿದ್ದರೆ ಕರೆಂಟ್ ಬಂದ ತಕ್ಷಣ ಸ್ಪೀಕರಿನಿಂದ ಡಬ್ ಅಂತ ಗುಂಡು ಹೊಡೆದಂತೆ ಸದ್ದು ಬರುತ್ತದೆ, ಸ್ಪೀಕರ್ ಹರಿದರೂ ಹರಿಯಿತು.

ಬೇಸ್ ಗಿಟಾರ್, ಮಂಗಳೂರು:

ದುಡ್ಡಿನ ವಿಷಯ ಯಾರೂ ಎತ್ತಿಲ್ಲ. ನಮ್ಮ ತಂಡದಲ್ಲಿ ಯಾರ ವಾದ್ಯ ಯಾರದು, ಬ್ಯಾಂಡಿನ ದುಡ್ಡಿನಲ್ಲಿ ಕೊಂಡಿದ್ದು ಯಾವುದು ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ಒಬ್ಬರು ಕೆಲಸ ಸಿಕ್ಕಿ ಗಲ್ಫಿಗೆ ಹೊರಟಾಗ ಅದೇ ಪುಸ್ತಕ ಸ್ನೇಹ ಉಳಿಸಿತು. ರಜೆಗೆ ಬಂದಾಗ ಈಗಲೂ ನಮ್ಮ ಜೊತೆ ನುಡಿಸುತ್ತಾರೆ.

ಮುಂದೆ ಯಾರಾದರೂ ಸಂಭಾವನೆ ಕೊಟ್ಟು ಕರೆದರೆ ಅಡ್ವಾನ್ಸ್ ತೆಗೆದುಕೊಳ್ಳಿ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಅಂತ ಮೆಸೇಜಿನಲ್ಲಾದರೂ ಬರೆಸಿಕೊಳ್ಳಿ. ಒಂದು ಕಡೆ ಸಂಜೆ ಆರಕ್ಕೆ ಬರಹೇಳಿ, ಭಾಷಣ ಸನ್ಮಾನ ಎಲ್ಲ ಮುಗಿಸಿ, ನಮಗೆ ಉಳಿಸಿದ್ದು ಊಟಕ್ಕೆ ಎದ್ದು ಹೋಗುವ ಜನರನ್ನು. ಮಾತಾದ ಹಣದಲ್ಲೂ ಅರ್ಧ ಇವತ್ತಿಗೂ ಬಂದಿಲ್ಲ. ಬೇಜಾರಾಗಿದ್ದು ಹಣಕ್ಕಲ್ಲ, ವಾರಗಟ್ಟಲೆ ಕೂತು ಕಲಿತ ಹಾಡು ಯಾರಿಗೂ ಕೇಳಿಸಲಿಲ್ಲವಲ್ಲ ಅಂತ.

ಮಳೆ ಬಗ್ಗೆ ಎಚ್ಚರ. ನವೆಂಬರಿನಲ್ಲೂ ನಿಮ್ಮಲ್ಲಿ ಹಿಂಗಾರು ಸುರಿಯುವುದುಂಟು. ಬಯಲು ವೇದಿಕೆಯಾದರೆ ಗಿಟಾರ್ ಆಂಪ್ಲಿಫೈಯರಿಗೂ ಮೈಕಿನ ಮಿಕ್ಸರಿಗೂ ಒಂದೇ ಕಡೆಯಿಂದ ಕರೆಂಟ್ ತೆಗೆದುಕೊಳ್ಳಿ, ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಅರ್ಥಿಂಗ್ ಕೆಟ್ಟಿದ್ದರೆ ಗಿಟಾರಿನ ತಂತಿ ಹಿಡಿದವರ ತುಟಿ ಮೈಕಿಗೆ ತಾಗಿದ ಕ್ಷಣ ಶಾಕ್ ಹೊಡೆಯಬಹುದು. ಇದು ಜೀವದ ಪ್ರಶ್ನೆ. ಸಂಕೋಚ ಬೇಡ, ಸರಿಯಾಗುವವರೆಗೆ ವೇದಿಕೆ ಹತ್ತಬೇಡಿ.

ವಕೀಲರು, ಹಾರ್ಮೋನಿಯಂ, ಬೆಂಗಳೂರು:

ಲೈಸೆನ್ಸ್ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ವಿನಾಯಿತಿಗಳ ಪಟ್ಟಿ ಇದೆ. ಹವ್ಯಾಸಿ ಸಂಘ ಅಥವಾ ಕ್ಲಬ್ಬು ಹಣ ಕೊಡದ ಪ್ರೇಕ್ಷಕರ ಮುಂದೆ, ಇಲ್ಲವೇ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಹಾಡಿದರೆ, ನುಡಿಸಿದರೆ ಅದು ಉಲ್ಲಂಘನೆ ಅಲ್ಲ ಅಂತ ಅಲ್ಲಿ ಸ್ಪಷ್ಟವಾಗಿದೆ. ನಿಮ್ಮ ಕಾರ್ಯಕ್ರಮಕ್ಕೆ ಟಿಕೆಟ್ ಇಲ್ಲ, ನಿಮಗೂ ಸಂಭಾವನೆ ಇಲ್ಲ ಅಂದರೆ ನನ್ನ ದೃಷ್ಟಿಯಲ್ಲಿ ಹೆದರಬೇಕಾಗಿಲ್ಲ. ಟಿಕೆಟ್ ಇಟ್ಟರೆ, ಹೋಟೆಲಿನಲ್ಲಿ ನುಡಿಸಿದರೆ ಕಥೆ ಬೇರೆ. ಆಗ ಹಾಡು ಬರೆದವರ, ರಾಗ ಹಾಕಿದವರ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್‌ನಂಥ ಸಂಸ್ಥೆಯ ಪರವಾನಗಿ ನೋಡಬೇಕು, ಸಾಮಾನ್ಯವಾಗಿ ಅದು ಆಯೋಜಕರ ಕೆಲಸ. ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುವುದನ್ನು ಇದರೊಳಗೆ ಸೇರಿಸಿಕೊಳ್ಳಬೇಡಿ, ಅದು ಬೇರೆ ಲೆಕ್ಕ.

ನಿಜವಾಗಿ ನೋಡಬೇಕಾದ್ದು 2000ದ ಶಬ್ದ ಮಾಲಿನ್ಯ ನಿಯಮಗಳನ್ನು. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಬಳಸುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು, ಅದನ್ನು ನಂಬಿಕೊಂಡು ಕೂರಬೇಡಿ. ವಾಸದ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬೆಲ್. ಒಂದು ಬ್ಯಾಂಡಿಗೆ ಅದು ತುಂಬಾ ಕಡಿಮೆ. ಹಾಗಾಗಿ ಸಂಜೆ ಬೇಗ ಶುರುಮಾಡಿ ಒಂಬತ್ತರೊಳಗೆ ಮುಗಿಸಿ, ಸ್ಪೀಕರ್ ಮುಖ ಪಕ್ಕದ ಕಟ್ಟಡದ ಕಡೆ ಬೇಡ. ಹಾಸಿಗೆ ಹಿಡಿದವರು, ಪರೀಕ್ಷೆಗೆ ಓದುವ ಮಕ್ಕಳು ಇರುವ ಮನೆಗಳಿಗೆ ಮೊದಲೇ ಹೋಗಿ ಹೇಳಿ ಬನ್ನಿ. ಹೇಳಿ ಬಂದ ಮನೆಯವರೇ ಎಷ್ಟೋ ಸಲ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ.

ಗಿಟಾರ್, ಬೆಂಗಳೂರು:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಆಂಪ್ಲಿಫೈಯರ್ ಕುರ್ಚಿ ಮೇಲೆ ಏರಿತು, ಹಾಡುಗಾರ್ತಿಯ ಮೊದಲ ಸಾಲು ಮೊದಲ ಬಾರಿಗೆ ಪೂರ್ತಿ ಕೇಳಿಸಿತು. ಸ್ಕೇಲ್ ಅವರೇ ತೀರ್ಮಾನಿಸುತ್ತಾರೆ ಅಂತಲೂ ಆಯಿತು. ಇನ್ನೊಂದೇ ಪ್ರಶ್ನೆ. ಕಾರ್ಯಕ್ರಮದ ದಿನ ಸೌಂಡ್ ಚೆಕ್ ಹೇಗೆ ಮಾಡಬೇಕು?

ಕೀಬೋರ್ಡ್, ಶಿವಮೊಗ್ಗ:

ಜನ ಬರುವ ಮೊದಲೇ, ಬೆಳಕಿರುವಾಗಲೇ ಮುಗಿಸಿ. ಒಬ್ಬೊಬ್ಬರೇ ನುಡಿಸಿ: ಕಿಕ್ ಡ್ರಮ್ (ಕಾಲಲ್ಲಿ ಹೊಡೆಯುವುದು), ಸ್ನೇರ್ (ಮುಂದಿನ ಚಿಕ್ಕ ಡ್ರಮ್), ಬೇಸ್, ಕೀಬೋರ್ಡ್, ಗಿಟಾರ್, ಕೊನೆಗೆ ಹಾಡು. ಒಬ್ಬರದು ನಡೆಯುವಾಗ ಉಳಿದವರು ಕೈ ಕಟ್ಟಿ ನಿಲ್ಲಬೇಕು. ಆಮೇಲೆ ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಜೋರಾದ ಹಾಡಿನ ಪಲ್ಲವಿ ಒಂದು, ಮೆತ್ತಗಿನ ಹಾಡಿನದು ಒಂದು ನುಡಿಸಿ. ಪೂರ್ತಿ ಹಾಡು ಬೇಡ. ಆ ಹೊತ್ತಿನಲ್ಲಿ ತಂಡದ ಒಬ್ಬರು ಕೆಳಗಿಳಿದು ಹಿಂದಿನ ಸಾಲಿನಲ್ಲಿ ನಿಂತು ಕೇಳಲಿ. ಒಳಾಂಗಣದ ಹಾಲ್ ಆದರೆ ಖಾಲಿ ಇದ್ದಾಗ ಗುಂಯ್‌ಗುಟ್ಟುತ್ತದೆ. ಜನ ತುಂಬಿದ ಮೇಲೆ ಅವರ ಮೈ, ಬಟ್ಟೆ ಸದ್ದನ್ನು ಹೀರುತ್ತವೆ, ಅದಕ್ಕೆ ಗಾಬರಿ ಬೇಡ.

ಮಾನಿಟರ್ ಸ್ಪೀಕರ್ (ಹಾಡುವವರಿಗೆ ತಮ್ಮ ದನಿ ಕೇಳಿಸಲು ಇಡುವುದು) ಹಾಡುಗಾರ್ತಿಯ ಎದುರಿಗೆ, ಮೈಕಿನ ಬೆನ್ನಿಗೆ ಬರುವಂತೆ ಇಡಿ. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಕೂಗುತ್ತದೆ, ಹಿಡಿಕೆ ಮಾತ್ರ ಹಿಡಿಯಲಿ. ಚೀಲದಲ್ಲಿ ಗಿಟಾರಿಗೆ ಒಂದು ಜೊತೆ ಹೊಸ ತಂತಿ, ಹೆಚ್ಚುವರಿ ಕೇಬಲ್, ಶ್ರುತಿ ನೋಡುವ ಟ್ಯೂನರಿಗೆ ಬ್ಯಾಟರಿ, ಇನ್ಸುಲೇಷನ್ ಟೇಪ್, ಹಾಳೆ ಹಾರದಂತೆ ಬಟ್ಟೆ ಒಣಹಾಕುವ ಕ್ಲಿಪ್. ಹಾಡಿನ ಪಟ್ಟಿಯ ಪ್ರತಿ ಐದಲ್ಲ, ಆರು ಮಾಡಿಸಿ. ಆರನೆಯದು ಸೌಂಡ್‌ನವರಿಗೆ.