ಸವಾರಿ ಕುದುರೆಗೆ ಯಾವ ವಿಮೆ ಮಾಡಿಸಲಿ? ಅನುಭವ ಇದ್ದವರು ಹೇಳಿ

ಕೇಳಿದವರು: ಹೆಬ್ಬಳ್ಳಿ ರಸ್ತೆ, ಧಾರವಾಡ
ಆರು ವರ್ಷದ ಮಾರ್ವಾರಿ ಹೆಣ್ಣು ಕುದುರೆ ತಗೊಂಡಿದ್ದೇನೆ, 2.2 ಲಕ್ಷಕ್ಕೆ. ತೋಟದಲ್ಲೇ ಲಾಯ. ಬೆಳಿಗ್ಗೆ ನಾನು, ರಜೆ ಇದ್ದಾಗ ಮಗಳು ಸವಾರಿ ಮಾಡುತ್ತೇವೆ. ರೇಸು, ಮದುವೆ ಮೆರವಣಿಗೆ ಏನೂ ಇಲ್ಲ. ಸಾವಿನ ಕವರ್ ಒಂದೇ ಸಾಕು ಅಂತ ಏಜೆಂಟ್ ಹೇಳುತ್ತಾರೆ. ಶಾಶ್ವತ ಅಂಗವಿಕಲತೆಯ ಕವರ್ ಸೇರಿಸಿದರೆ ಪ್ರೀಮಿಯಂ ಜಾಸ್ತಿ. ಸೇರಿಸಲಾ, ಬಿಡಲಾ?

ಉಣಕಲ್, ಹುಬ್ಬಳ್ಳಿ
ಸೇರಿಸಿ. ಆದರೆ ಸೇರಿಸಿದ ಕೂಡಲೇ ದುಡ್ಡು ಬಂದೇ ಬರುತ್ತದೆ ಅಂತ ನಂಬಬೇಡಿ. ನಮ್ಮದು ಕಾಠಿಯಾವಾಡಿ ಗಂಡು. 2.5 ಲಕ್ಷಕ್ಕೆ ವಿಮೆ, ಶೇ 5ರ ದರ, ತೆರಿಗೆ ಸೇರಿ ವರ್ಷಕ್ಕೆ 14,750 ಕಟ್ಟುತ್ತಿದ್ದೆವು. ಮಳೆಗಾಲದಲ್ಲಿ ಎರೆಹೊಲದ ಬದುವಿನಲ್ಲಿ ಕಾಲು ಹುಗಿದು ಮುಂಗಾಲಿನ ಟೆಂಡನ್ (ಸ್ನಾಯುವನ್ನು ಮೂಳೆಗೆ ಹಿಡಿದಿಡುವ ಪಟ್ಟಿ) ಹರಿಯಿತು. ಮೊಣಕಾಲ ಕೆಳಗೆ, ಹಿಂಬದಿ, ಬಿಲ್ಲಿನ ಹಾಗೆ ಉಬ್ಬಿತ್ತು. ಕೈಯಿಟ್ಟರೆ ಸುಡುತ್ತಿತ್ತು. ಸ್ಕ್ಯಾನಿಂಗ್ 4,500, ಇಂಜೆಕ್ಷನ್ 19,000, ಬ್ಯಾಂಡೇಜು ಮತ್ತು ಡ್ರೆಸ್ಸಿಂಗ್ 7,500, ಡಾಕ್ಟರ ಫೀ 30,000. ಒಟ್ಟು 61,000. ಕೊನೆಗೆ ಇನ್ನು ಸವಾರಿಗೆ ಬರುವುದಿಲ್ಲ ಅಂತ ಡಾಕ್ಟರೇ ಬರೆದುಕೊಟ್ಟರು.

ಕಂಪನಿ ಏನು ಹೇಳಿತು ಗೊತ್ತಾ? ಕುದುರೆ ನಡೆಯುತ್ತದೆ, ತಳಿಗೆ ಬಿಡಬಹುದು, ಹಾಗಾಗಿ ಇದು ‘ಪೂರ್ಣ’ ಅಂಗವಿಕಲತೆ ಅಲ್ಲ. ಪಾಲಿಸಿಯಲ್ಲಿ ಅಂಗವಿಕಲತೆಗೆ ವಿಮೆ ಮೊತ್ತದ ಶೇ 75 ಕೊಡುತ್ತೇವೆ ಅಂತ ಸ್ಪಷ್ಟವಾಗಿ ಇದೆ. ಆದರೂ ಒಂದು ರೂಪಾಯಿ ಬರಲಿಲ್ಲ. ಆ ಕುದುರೆ ಈಗಲೂ ನಮ್ಮ ಲಾಯದಲ್ಲೇ ಇದೆ. ಹುರುಳಿ, ಹೊಟ್ಟು, ಹಸಿಹುಲ್ಲು ಯಾವುದಕ್ಕೂ ಕಡಿಮೆ ಮಾಡಿಲ್ಲ. ಮಾರುವ ಮಾತೇ ಇಲ್ಲ.

ಬೆಟಗೇರಿ, ಗದಗ
ಸತ್ತರೆ ಎಷ್ಟು, ಕುಂಟಾದರೆ ಎಷ್ಟು ಅಂತಲೇ ಲೆಕ್ಕ ಹಾಕುತ್ತಿದ್ದೀರಿ. ಕುದುರೆ ಕಾಯಿಲೆ ಬಿದ್ದರೆ ಖರ್ಚು ಯಾರು ಕೊಡುತ್ತಾರೆ? ಇಲ್ಲಿ ಸಿಗುವ ಕುದುರೆ ಪಾಲಿಸಿಗಳು ಸಾಮಾನ್ಯವಾಗಿ ಚಿಕಿತ್ಸೆಯ ಬಿಲ್ಲು ಕೊಡುವುದಿಲ್ಲ.

ನಮ್ಮ ಹೆಣ್ಣಿಗೆ ರಾತ್ರಿ ಹೊಟ್ಟೆಶೂಲೆ ಬಂತು. ನೆಲ ಕೆರೆಯುವುದು, ತಿರುಗಿ ತಿರುಗಿ ತನ್ನ ಪಕ್ಕೆ ನೋಡುವುದು, ಮೈಯೆಲ್ಲಾ ಬೆವರು. ಕುದುರೆಗೆ ವಾಂತಿ ಆಗುವುದಿಲ್ಲ. ಹೊಟ್ಟೆಯಲ್ಲಿ ಕಟ್ಟಿಕೊಂಡದ್ದು ಮೇಲೆ ಬರುವ ದಾರಿಯೇ ಇಲ್ಲ. ಡಾಕ್ಟರು ಮೂಗಿನಿಂದ ನಳಿಗೆ ಇಳಿಸಿದರು. ಗ್ಯಾಸು ಬುಸ್ಸಂತ ಬಂತು, ಆಮೇಲೆ ಲಿಕ್ವಿಡ್ ಪ್ಯಾರಾಫಿನ್ ಬಿಟ್ಟರು. ಡಾಕ್ಟರು ಬಂದುಹೋದದ್ದಕ್ಕೆ 9,000, ಇಂಜೆಕ್ಷನ್ 6,200, ಸಲೈನ್ 3,600, ಪ್ಯಾರಾಫಿನ್ 1,400, ಗಾಡಿ ಬಾಡಿಗೆ 2,800. ಒಟ್ಟು 23,000. ಆಪರೇಷನ್ ಬೇಕಾಗಿದ್ದರೆ ಬೆಂಗಳೂರಿಗೇ ಒಯ್ಯಬೇಕಿತ್ತು. ಆ ಸ್ಥಿತಿಯಲ್ಲಿ ಅಲ್ಲಿತನಕ ಬದುಕುತ್ತಿತ್ತಾ?

ನಾನು ವಿಮೆ ಮಾಡಿಸಿಲ್ಲ, ಮಾಡಿಸುವುದೂ ಇಲ್ಲ. ತಿಂಗಳಿಗೆ 1,500 ಪೋಸ್ಟಾಫೀಸಿನ ಆರ್‌ಡಿ ಕಟ್ಟುತ್ತೇನೆ. ಆ ದುಡ್ಡಿಗೆ ನಷ್ಟ ಅಳೆಯುವ ಯಾವ ವಿಮಾ ಸರ್ವೇಯರನೂ ಬೇಕಾಗಿಲ್ಲ.

ಹಾನಗಲ್, ಹಾವೇರಿ ಜಿಲ್ಲೆ
ಕುದುರೆಯವರ ನಡುವೆ ಹೋರಿ ಮಾತು ತರುತ್ತಿದ್ದೇನೆ, ಬೇಜಾರಾಗಬೇಡಿ. ನಮ್ಮ ಹೋರಿಗೆ 3 ಲಕ್ಷ ಕೇಳಿದವರಿದ್ದರು. ಕೊಬ್ಬರಿ ಹಾರ ಕಟ್ಟಿ ಅಖಾಡಕ್ಕೆ ಬಿಟ್ಟರೆ ಮೈ ಮುಟ್ಟಲು ಒಬ್ಬರಿಗೂ ಆಗುತ್ತಿರಲಿಲ್ಲ. ದೀಪಾವಳಿಯ ಹೋರಿ ಬೆದರಿಸುವ ಹಬ್ಬದಲ್ಲಿ ಓಡುವಾಗ ಟ್ರಾಲಿಗೆ ಬಡಿದು ಬಿತ್ತು, ಎರಡನೇ ದಿನ ಹೋಯಿತು. ಕಿವಿಯಲ್ಲಿ ಟ್ಯಾಗ್ ಇತ್ತು, ಪೋಸ್ಟ್‌ಮಾರ್ಟಂ ಆಯಿತು, ಎಲ್ಲಾ ಕಾಗದ ಕೊಟ್ಟೆವು. ಸ್ಪರ್ಧೆಯಲ್ಲಿ ಆದ ಪೆಟ್ಟು, ಕ್ಲೇಮ್ ಇಲ್ಲ ಅಂದರು. ಇದು ಸ್ಪರ್ಧೆಯಾ? ನಮ್ಮ ಹಬ್ಬ! ಕಂಬಳ, ಎತ್ತಿನ ಬಂಡಿ ಓಟಕ್ಕೆ ನಮ್ಮ ಸರ್ಕಾರ 2017ರಲ್ಲೇ ಕಾನೂನು ತಿದ್ದಿದೆ. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಕೋರ್ಟು ಒಪ್ಪಿದ ಆಟವನ್ನು ವಿಮೆಯವರು ಒಪ್ಪುವುದಿಲ್ಲವಾ?

ಉಣಕಲ್, ಹುಬ್ಬಳ್ಳಿ
ಹಾನಗಲ್ಲಿನ ಅಣ್ಣಾರ, ಕಾನೂನು ಒಪ್ಪುವುದೇ ಬೇರೆ, ಪಾಲಿಸಿ ಒಪ್ಪುವುದೇ ಬೇರೆ. ಹೊರಗಿಟ್ಟ ಸಂಗತಿಗಳ ಪಟ್ಟಿ ಪಾಲಿಸಿಯ ಹಿಂದೆಯೇ ಇರುತ್ತದೆ. ಕಳ್ಳತನ, ಅತಿಯಾದ ಹೊರೆ, ನಾಟಿ ವೈದ್ಯ ಎಲ್ಲವೂ ಅದರಲ್ಲಿವೆ.

ಬೆಟಗೇರಿಯವರೇ, ಪೋಸ್ಟಿನ ಆರ್‌ಡಿ ಮೂರು ವರ್ಷಕ್ಕೆ ಮುಂಚೆ ಮುರಿಯಲು ಬರುವುದಿಲ್ಲ. ಮೊದಲ ವರ್ಷವೇ ಕುದುರೆ ಸತ್ತರೆ? 18,000 ರೂಪಾಯಿಯಲ್ಲಿ ಯಾವ ಕುದುರೆ ಬರುತ್ತದೆ?

ಹಾನಗಲ್, ಹಾವೇರಿ ಜಿಲ್ಲೆ
ನಮಗೆ ಓದಲು ಬರುತ್ತದೆ ಸರ. ಪಾಲಿಸಿ ಕೊಡುವಾಗ ಹೋರಿ ಯಾವ ಹೋರಿ ಅಂತ ಅವರಿಗೂ ಗೊತ್ತಿತ್ತು. ಕೊಂಬಿನ ಬಣ್ಣ ನೋಡಿಯೇ ಫೋಟೊ ತೆಗೆದುಕೊಂಡು ಹೋದರು. ನಿಮ್ಮ ಕುದುರೆ ಬದುಕಿದೆ, ಮುಖ ನೋಡುತ್ತೀರಿ. ನಾವು ಮಣ್ಣು ಮಾಡಿದ್ದೇವೆ.

ಲಕ್ಷ್ಮೇಶ್ವರ
ಜಗಳ ನಿಲ್ಲಿಸಿ. ಇಲ್ಲಿ ಯಾರೂ ಆ ಮಗಳ ಬಗ್ಗೆ ಮಾತೇ ಆಡುತ್ತಿಲ್ಲ. ನನ್ನ ಮಗ ಬಿದ್ದು ಕಾಲರ್ ಬೋನ್ ಮುರಿದಾಗ 96,500 ಬಿಲ್ಲು. ಮನೆಯವರ ಆರೋಗ್ಯ ವಿಮೆಯಿಂದ 84,000 ಬಂತು, ಅದಕ್ಕೇ ಉಸಿರಾಡಿದೆವು. ಅದಾದ ಮೇಲೆ ಟ್ರ್ಯಾಕ್ಟರ್ ಹಾರ್ನಿಗೆ ಬೆಚ್ಚಿ ಕುದುರೆ ಒಬ್ಬರ ಬೈಕಿಗೆ ಒದೆಯಿತು. ಆಸ್ಪತ್ರೆ, ಬೈಕು ಸೇರಿ 18,000 ಕೈಯಿಂದ ಕೊಟ್ಟೆವು. ಕುದುರೆ ಪಾಲಿಸಿಯಲ್ಲಿ ಬೇರೆಯವರ ನಷ್ಟಕ್ಕೆ ಕವರ್ ಇರಲಿಲ್ಲ. ರಸ್ತೆಗೆ ಇಳಿಸುವವರು ಅದನ್ನು ಬೇರೆಯಾಗಿ ಕೇಳಲೇಬೇಕು. ಮೊದಲು ಸವಾರಿ ಮಾಡುವವರ ವಿಮೆ, ಆಮೇಲೆ ಕುದುರೆಯದು.

ಬೆಟಗೇರಿ, ಗದಗ
ಅಕ್ಕಾರ ಮಾತು ಒಪ್ಪಿದೆ. ಆರ್‌ಡಿ ಬಗ್ಗೆ ಹೇಳಿದವರಿಗೆ: ಹನ್ನೆರಡು ಕಂತು ಕಟ್ಟಿದ ಮೇಲೆ ಕಟ್ಟಿದ ದುಡ್ಡಿನ ಅರ್ಧದಷ್ಟು ಸಾಲ ಸಿಗುತ್ತದೆ, ವಿಚಾರಿಸಿ. ವಿಮೆ ಬೇಕೇ ಬೇಕು ಅನ್ನುವವರು ಪಶು ಆಸ್ಪತ್ರೆಯಲ್ಲಿ ಸರ್ಕಾರದ ರಾಷ್ಟ್ರೀಯ ಜಾನುವಾರು ಮಿಷನ್ ಯೋಜನೆ ಬಗ್ಗೆ ಕೇಳಿ. 2024ರ ತಿದ್ದುಪಡಿಯ ನಂತರ ಪ್ರೀಮಿಯಮ್ಮಿನಲ್ಲಿ ಸಾಕುವವರ ಪಾಲು ಶೇ 15 ಮಾತ್ರ. ಪಟ್ಟಿಯಲ್ಲಿ ಕುದುರೆಯೂ ಇದೆ.

ಹಾನಗಲ್, ಹಾವೇರಿ ಜಿಲ್ಲೆ
ಅದು ಹೊರೆ ಹೊರುವ ಪ್ರಾಣಿಗಳ ಪಟ್ಟಿ. ಕುದುರೆ, ಕತ್ತೆ, ಹೇಸರಗತ್ತೆ. ಟಾಂಗಾ ಹೊಡೆದು, ಇಟ್ಟಿಗೆ ಹೊರಿಸಿ ಹೊಟ್ಟೆ ಹೊರೆಯುವವರಿಗೆ ಮಾಡಿದ್ದು. ಬೆಳಿಗ್ಗೆ ಗಾಳಿ ಸೇವಿಸಲು ಕುದುರೆ ಏರುವವರಿಗೆ ಜನರ ತೆರಿಗೆ ದುಡ್ಡು ಯಾಕೆ?

ಬೆಟಗೇರಿ, ಗದಗ
ಹಬ್ಬದ ಹೋರಿಗೆ ವಿಮೆ ದುಡ್ಡು ಕೇಳುವಾಗ ಈ ಮಾತು ಎಲ್ಲಿ ಹೋಗಿತ್ತು?

ಹಾನಗಲ್, ಹಾವೇರಿ ಜಿಲ್ಲೆ
ಪೂರ್ತಿ ಪ್ರೀಮಿಯಂ ನಮ್ಮ ಕೈಯಿಂದ ಕಟ್ಟಿದ್ದೇವೆ. 3 ಲಕ್ಷದ ಹೋರಿಗೆ 1 ಲಕ್ಷಕ್ಕಷ್ಟೇ ವಿಮೆ ಕೊಟ್ಟರು, ಅದಕ್ಕೂ ತಗಾದೆ ಮಾಡಲಿಲ್ಲ. ರಸೀದಿ ಇದೆ.

ಉಣಕಲ್, ಹುಬ್ಬಳ್ಳಿ
ಧಾರವಾಡದವರೇ, ನನ್ನ ಮಾತು ಇಷ್ಟೇ. ಅರ್ಜಿಯಲ್ಲಿ ಕುದುರೆಯ ಉಪಯೋಗ ಏನು ಅಂತ ಕೇಳಿದ ಕಡೆ ‘ಸವಾರಿ’ ಅಂತಲೇ ಬರೆಸಿ. ಸವಾರಿಗೆ ಬಾರದಿದ್ದರೆ ಅಂಗವಿಕಲತೆ ಅಂತ ಲೆಕ್ಕ ಹಿಡಿಯುತ್ತಾರಾ ಅಂತ ಪತ್ರದಲ್ಲಿ ಉತ್ತರ ತಗೊಳ್ಳಿ. ಬಾಯಿಮಾತು ಬೇಡ. ಹಣೆಯ ಸುಳಿ, ಕುತ್ತಿಗೆಯ ಸುಳಿ, ಯಾವ ಕಾಲಿಗೆ ಬಿಳಿ ಎಲ್ಲಾ ಡಾಕ್ಟರ ಸರ್ಟಿಫಿಕೇಟಿನಲ್ಲಿ ಸರಿಯಾಗಿ ಇದೆಯಾ ಅಂತ ಲಾಯದಲ್ಲೇ ನಿಂತು ನೋಡಿ. ನಮ್ಮದರಲ್ಲಿ ಎಡ ಹಿಂಗಾಲಿನ ಬಿಳಿಯನ್ನು ಬಲಕ್ಕೆ ಬರೆದಿದ್ದರು, ತಿದ್ದಿಸುವುದಕ್ಕೇ ಸಾಕುಬೇಕಾಯಿತು. ಮತ್ತೆ ಶುರುವಿನ 15 ದಿನ ಕಾಯಿಲೆಗೆ ಕವರ್ ಇರುವುದಿಲ್ಲ. 2.2 ಲಕ್ಷಕ್ಕೆ ಮಾಡಿಸಿದರೂ ಕುದುರೆ ಸತ್ತ ಹೊತ್ತಿನ ಮಾರುಕಟ್ಟೆ ಬೆಲೆ ಕಡಿಮೆ ಇದ್ದರೆ ಅಷ್ಟೇ ಕೊಡುತ್ತಾರೆ. ಹಾಗಾಗಿ ಪ್ರತಿ ವರ್ಷ ನವೀಕರಿಸುವಾಗ ಡಾಕ್ಟರಿಂದ ಹೊಸದಾಗಿ ಬೆಲೆ ಬರೆಸಿಕೊಳ್ಳಿ.