ಥೋರಿಯಂ ರಿಯಾಕ್ಟರ್ ಸಂಶೋಧನೆ: ಅಪಾಯ ಅಳೆಯೋದು ಹ್ಯಾಂಗ್ರಿ?

ಪ್ರಶ್ನೆ (ಬೆಳಗಾವಿ): ಸರ್ರ, ಕಾಲೇಜು ಸೆಮಿನಾರಿಗೆ ಈ ವಿಷಯ ತಗೊಂಡೀನ್ರಿ. ಥೋರಿಯಂನಿಂದ ಬಾಂಬ್ ಮಾಡಾಕ ಬರಂಗಿಲ್ಲ ಅಂತ ಬರದ್ರ ತಪ್ಪೇನ್ರಿ?

ಉತ್ತರ (ವಿಜಯಪುರ): ತಪ್ಪು ತಮ್ಮಾ. ಥೋರಿಯಂ-232 ನ್ಯೂಟ್ರಾನ್ ನುಂಗಿದ ಮ್ಯಾಲೆ ಪ್ರೊಟಾಕ್ಟಿನಿಯಂ-233 ಹುಟ್ಟತೈತಿ. ಅದರ ಅರ್ಧಾಯುಷ್ಯ ಸುಮಾರು 27 ದಿನ, ಆಮ್ಯಾಲೆ ಅದು ಯುರೇನಿಯಂ-233 ಆಗತೈತಿ, ಇದರಿಂದ ಬಾಂಬ್ ಮಾಡಾಕ ಬರತೈತಿ. ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಇದಕ್ಕೂ ಪ್ಲುಟೋನಿಯಂಗೂ ಒಂದೇ ಮಿತಿ (ಒಂದು ಬಾಂಬ್ ಆಗೋ ಸಾಧ್ಯತೆ ತಳ್ಳಿಹಾಕಾಕ ಬರದಷ್ಟು ಪ್ರಮಾಣ) ಇಟ್ಟೈತಿ: 8 ಕೆಜಿ. ಜೊತೆಗೆ ಬರೋ ಯುರೇನಿಯಂ-232ರ ಸರಪಳಿ ತೀಕ್ಷ್ಣ ಗಾಮಾ ಕಿರಣ ಸೂಸತೈತಿ. ಕದಿಯೋರಿಗೆ ಅದು ತೊಡಕು ಖರೆ, ಆದ್ರ ಅದನ್ನ ಬೀಗ ಅಂತ ನಂಬಬ್ಯಾಡ. ದ್ರವ ಇಂಧನದ ವಿನ್ಯಾಸ ಇದ್ರ, ಪ್ರೊಟಾಕ್ಟಿನಿಯಂ ಬೇರೆ ಮಾಡೋ ಘಟಕ ಐತೇನು ಅಂತ ಮೊದಲು ಕೇಳು. ಅಂಥ ಘಟಕ ಇತ್ತಂದ್ರ, ಬೇರೆ ಮಾಡಿಟ್ಟ ಪ್ರೊಟಾಕ್ಟಿನಿಯಂ ಹೆಚ್ಚು ಶುದ್ಧ ಯುರೇನಿಯಂ-233 ಆಗತೈತಿ, ಅಪಾಯದ ಅಂದಾಜು ಪೂರಾ ಬದಲಾಗತೈತಿ.

ಉತ್ತರ (ಬಾಗಲಕೋಟೆ): ಮ್ಯಾಲಿನವ್ರು ಹೇಳಿದ್ದು ಬರೋಬ್ಬರಿ ಐತ್ರಿ. ಸುರಕ್ಷತೆಯನ್ನ ಮಾತ್ರ ಬ್ಯಾರೆ ಅಧ್ಯಾಯ ಮಾಡ್ರಿ. ರಿಯಾಕ್ಟರ್ ನಿಲ್ಲಿಸಿದ ಕ್ಷಣ ಪೂರ್ಣ ಉಷ್ಣದ ಸುಮಾರು 6-7% ಇನ್ನೂ ಹುಟ್ಟತಿರ್ತೈತಿ, ತಾಸಿನ ಮ್ಯಾಲೂ 1.5% ಆಸುಪಾಸು. 2011ರಾಗ ಫುಕುಶಿಮಾದಾಗ ಕರೆಂಟು, ಡೀಸೆಲ್ ಜನರೇಟರ್ ಎರಡೂ ಹೋಗಿ ಈ ಉಷ್ಣ ತೆಗೆಯಾಕ ಆಗಲಿಲ್ಲ.

ಇನ್ನ ಬಾಂಬಿನ ಅಪಾಯಕ್ಕ ವಾಪಸ್ ಬಂದ್ರ, ಕೈಗಾದಂಥ ಭಾರಜಲ ರಿಯಾಕ್ಟರಿನಾಗ ಓಡ್ತಿರುವಾಗ್ಲೇ ಇಂಧನ ಬದಲಿಸ್ತಾರ. ಅರ್ಧ ಮೀಟರ್ ಉದ್ದದ, 19 ಕಡ್ಡಿಯ ಸಣ್ಣ ಕಟ್ಟುಗಳವು. ಅವಧಿಗೆ ಮೊದಲೇ ತೆಗೆದ ಕಟ್ಟಿನಾಗಿನ ಪ್ಲುಟೋನಿಯಂ ಬಾಂಬಿಗೆ ಹೆಚ್ಚು ಒಗ್ಗತೈತಿ; ಹಂಗ ಒಂದು ಹೊರಗ ಬಂದ್ರ ಗೊತ್ತಾಗಬೇಕು, ಅದಕ್ಕ ಒಂದೊಂದನ್ನೂ ಎಣಿಸೋ ವ್ಯವಸ್ಥೆ ವಿನ್ಯಾಸದ ಹಂತದಾಗ ಇರಬೇಕ್ರಿ.